ಹೊಳೆಯ ದೋಣಿಕಟ್ಟೆಗೆ ಸೋಲಾರ್ ದೀಪ: ಮೊದಲು ಬ್ಯಾಟರಿ ಆರಿಸಿ, ಆಮೇಲೆ ಮಿಕ್ಕಿದ್ದು

ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ಕರೆಂಟು ತೆಗೆದದ್ದು 1902ರಲ್ಲಿ. ಅದು ಮೊದಲು ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗೆ, 1908ರಲ್ಲಿ ಮೈಸೂರಿಗೆ ಬಂತು. ಅಷ್ಟು ವರ್ಷ ಕಳೆದರೂ ಅದೇ ಹೊಳೆಯ ದಂಡೆಯಲ್ಲಿ ತೆಪ್ಪ, ದೋಣಿ ಕಟ್ಟುವ ಎಷ್ಟೋ ಜಾಗಗಳಲ್ಲಿ ಕತ್ತಲಾದ ಮೇಲೆ ಮೊಬೈಲ್ ಟಾರ್ಚೇ ಗತಿ. ಬೆಳಗಿನ ಜಾವ ಬಲೆ ಎಳೆಯಲು ಹೋಗುವವರಿಗೆ ಪಾಚಿ ಕಟ್ಟಿದ ಮೆಟ್ಟಿಲು ಕಾಣಬೇಕು, ಹಗ್ಗ ಕಟ್ಟಿದ ಗೂಟ ಕಾಣಬೇಕು. ಶ್ರೀರಂಗಪಟ್ಟಣದ ಸುತ್ತಮುತ್ತಲಾದರೆ ನೀರಂಚಿನಲ್ಲಿ ಮೊಸಳೆ ಮಲಗಿದೆಯೇ ಎಂಬುದೂ ಕಾಣಬೇಕು. ಇಂಥ ಜಾಗಕ್ಕೆ ದೀಪ ಹಾಕಿಸುವುದೆಂದರೆ ಜೀವ ಕಾಯುವ ಕೆಲಸ.

ಮೀನುಗಾರರ ಸಂಘದವರಾಗಲಿ, ದೇವಸ್ಥಾನದ ಸಮಿತಿಯವರಾಗಲಿ, ಹೊಳೆಯಾಚೆ ಗದ್ದೆ ಇರುವವರಾಗಲಿ ಅಂಗಡಿಗೆ ಹೋದ ಕೂಡಲೇ ಕೇಳುವುದು "ಎಷ್ಟು ವ್ಯಾಟ್‌ದು ಕೊಡ್ತೀರಿ?" ಎಂದು. ನನ್ನ ಪ್ರಕಾರ ಅದು ಕಟ್ಟಕಡೆಗೆ ಕೇಳಬೇಕಾದ ಪ್ರಶ್ನೆ. ಮೊದಲು ಕೇಳಬೇಕಾದವು ಎರಡು. ಆಷಾಢದಲ್ಲಿ ಮೂರು ದಿನ ಬಿಸಿಲು ಬೀಳದಿದ್ದರೆ ದೀಪ ಉರಿಯುತ್ತದೆಯೇ? ಕೆಆರ್‌ಎಸ್‌ನಿಂದಲೋ ಕಬಿನಿಯಿಂದಲೋ ನೀರು ಬಿಟ್ಟಾಗ ಬ್ಯಾಟರಿ ಎಲ್ಲಿರುತ್ತದೆ? ಎರಡಕ್ಕೂ ಉತ್ತರ ಸಿಗುವುದು ಬ್ಯಾಟರಿಯ ಆಯ್ಕೆಯಲ್ಲೇ.

ಲೈನ್ ಎಳೆಸಬಹುದಾದರೆ?

ಹತ್ತಿರದಲ್ಲೇ ಸೆಸ್ಕ್ (ಮೈಸೂರು ಭಾಗದ ವಿದ್ಯುತ್ ಕಂಪನಿ) ಕಂಬ ಇದ್ದು, ಪಂಚಾಯಿತಿಯವರು ಬೀದಿದೀಪದ ಲೆಕ್ಕದಲ್ಲಿ ಒಂದು ಕಂಬ ಮುಂದಕ್ಕೆ ಹಾಕಿಕೊಡುವುದಾದರೆ, ಮೆಟ್ಟಿಲಿನ ಮೇಲ್ತುದಿಗೆ ಆ ದೀಪವೇ ಸಾಕು. ಬ್ಯಾಟರಿ ಬದಲಾಯಿಸುವ ಖರ್ಚು ಇಲ್ಲ. ಆದರೆ 230 ವೋಲ್ಟಿನ ವೈರನ್ನು ನೀರಂಚಿನವರೆಗೆ ಇಳಿಸಬೇಡಿ. ಪ್ರವಾಹದಲ್ಲಿ ಆ ವೈರ್ ಮುಳುಗಿದರೆ, ಇಲ್ಲವೇ ಕಂಬ ವಾಲಿದರೆ, ಒದ್ದೆ ಕಾಲಿನಲ್ಲಿ ನಿಂತವರ ಪ್ರಾಣಕ್ಕೇ ಅಪಾಯ. 12 ವೋಲ್ಟಿನ ಸೋಲಾರ್ ದೀಪದಲ್ಲಿ ಆ ಭಯ ಇಲ್ಲ. ಲೈನ್ ಇರುವ ಊರಿನಲ್ಲೂ ದೋಣಿ ಕಟ್ಟುವ ಕೆಳಗಿನ ಕಟ್ಟೆಗೆ ನಾನು 12 ವೋಲ್ಟನ್ನೇ ಹಾಕಿಸಿ ಎನ್ನುವುದು ಈ ಕಾರಣಕ್ಕೆ.

ಒಂದು ರಾತ್ರಿಗೆ ಎಷ್ಟು ಬೇಕು?

ನಾಲ್ಕು ಮೀಟರ್ ಎತ್ತರದಲ್ಲಿ 10 ವ್ಯಾಟ್‌ನ ಒಂದು ಒಳ್ಳೆಯ ಎಲ್‌ಇಡಿ ಇದ್ದರೆ ಐದಾರು ಮೆಟ್ಟಿಲು, ಒಂದೆರಡು ದೋಣಿ ಸ್ಪಷ್ಟವಾಗಿ ಕಾಣುತ್ತವೆ. ಸಂಜೆಯಿಂದ ಬೆಳಗಿನವರೆಗೆ 12 ಗಂಟೆ ಎಂದರೆ 120 ವ್ಯಾಟ್-ಅವರ್. ಮನೆಯ ಮೀಟರಿನ ಒಂದು ಯೂನಿಟ್ ಅಂದರೆ 1000 ವ್ಯಾಟ್-ಅವರ್. ಅದಕ್ಕೆ ಹೋಲಿಸಿದರೆ ಇದು ಎಂಟನೇ ಒಂದು ಭಾಗಕ್ಕೂ ಕಮ್ಮಿ.

ಇಡೀ ರಾತ್ರಿ ಪೂರ್ತಿ ಬೆಳಕು ಬೇಕೇ ಎಂದೂ ಯೋಚಿಸಿ. ಜನ ಓಡಾಡುವ ಆರು ಗಂಟೆ 10 ವ್ಯಾಟ್, ನಡುರಾತ್ರಿಯ ಆರು ಗಂಟೆ 3 ವ್ಯಾಟ್ ಎಂದು ಹೊಂದಿಸಿದರೆ 78 ವ್ಯಾಟ್-ಅವರ್‌ಗೆ ಇಳಿಯುತ್ತದೆ. ಖರ್ಚಿಲ್ಲದೆ ಮೂರನೇ ಒಂದು ಭಾಗ ಉಳಿತಾಯ. ಆದರೂ ಸಾಮಾನು ಕೊಳ್ಳುವಾಗ 120ರ ಲೆಕ್ಕದಲ್ಲೇ ಕೊಳ್ಳಿ. ಮಂದ ಬೆಳಕಿನ ಉಳಿತಾಯ ಕೆಟ್ಟ ದಿನಕ್ಕೆ ಮೀಸಲಾಗಿರಲಿ.

ನಮ್ಮ ಕಡೆಯ ಮಳೆಗಾಲವನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕಾದದ್ದು ಇಲ್ಲೇ. ಮೈಸೂರು, ಮಂಡ್ಯದಲ್ಲಿ ಜೋರು ಮಳೆ ಮೇ ತಿಂಗಳಲ್ಲಿ ಮತ್ತು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಆ ಮಳೆ ಸಂಜೆ ಗುಡುಗಿ, ಸುರಿದು ಹೋಗುತ್ತದೆ, ಮಾರನೇ ದಿನ ಬಿಸಿಲು ಇರುತ್ತದೆ, ಪ್ಯಾನೆಲ್ ಕೂಡ ತೊಳೆದು ಹೋಗಿರುತ್ತದೆ. ಜುಲೈ, ಆಗಸ್ಟ್ ಹಾಗಲ್ಲ. ನೆಲ ನೆನೆಯುವಷ್ಟೂ ಮಳೆ ಇರುವುದಿಲ್ಲ, ಆದರೆ ಬೆಳಗಿನಿಂದ ಸಂಜೆಯವರೆಗೆ ಬೂದು ಮೋಡ, ಗಾಳಿ, ತುಂತುರು. ಸೋಲಾರ್ ದೀಪ ಸೋಲುವುದು ಈ ತಿಂಗಳುಗಳಲ್ಲಿ. ಹೊಳೆ ಉಕ್ಕುವುದೂ ಇದೇ ತಿಂಗಳುಗಳಲ್ಲಿ, ಏಕೆಂದರೆ ಕಾವೇರಿಗೆ ನೀರು ಬರುವುದು ಕೊಡಗಿನ ಮಳೆಯಿಂದ, ಕಪಿಲೆಗೆ, ಅಂದರೆ ಕಬಿನಿಗೆ, ವಯನಾಡಿನ ಮಳೆಯಿಂದ. ಬ್ಯಾಟರಿ ಅತಿ ದುರ್ಬಲವಾಗಿರುವ ವಾರದಲ್ಲೇ ನೀರು ಮೆಟ್ಟಿಲೇರಿ ಬರುತ್ತದೆ, ದೀಪದ ಅಗತ್ಯವೂ ಆಗಲೇ ಹೆಚ್ಚು.

ಹಾಗಾಗಿ ವರ್ಷದ ಸರಾಸರಿ ಬಿಸಿಲನ್ನು ಮರೆತುಬಿಡಿ. ಮಾರುವವರು ದಿನಕ್ಕೆ ಐದು ಗಂಟೆಯ ಪೂರ್ಣ ಬಿಸಿಲು ಎಂದು ಲೆಕ್ಕ ಹಾಕಿ ತೋರಿಸುತ್ತಾರೆ. ಬೇಸಿಗೆಗೆ ಅದು ಸರಿ. ನೀವು ಮೂರು ಗಂಟೆ ಎಂದು ಹಾಕಿ. 120ನ್ನು 3ರಿಂದ ಭಾಗಿಸಿದರೆ 40 ವ್ಯಾಟ್. ಧೂಳು, ಕಾವು, ವೈರು, ಬ್ಯಾಟರಿಯಲ್ಲಿ ನೂರಕ್ಕೆ ಮೂವತ್ತರಷ್ಟು ಸೋರಿಹೋಗುತ್ತದೆ ಎಂದಿಟ್ಟುಕೊಂಡರೆ 57 ವ್ಯಾಟ್. ಖಾಲಿಯಾದ ಬ್ಯಾಟರಿ ಮತ್ತೆ ತುಂಬಿಕೊಳ್ಳಲು ಸ್ವಲ್ಪ ಹೆಚ್ಚುವರಿ ಬೇಕಲ್ಲ, ಅದಕ್ಕೆ 75 ವ್ಯಾಟ್ ಪ್ಯಾನೆಲ್. ಬ್ಯಾಟರಿಯಲ್ಲಿ ಮೂರು ರಾತ್ರಿಗೆ ಸಾಕಾಗುವಷ್ಟು, ಅಂದರೆ 360 ವ್ಯಾಟ್-ಅವರ್, ಬಳಸಲು ಸಿಗುವಂತಿರಬೇಕು.

ಟ್ಯೂಬುಲರ್, ಸೀಲ್ಡ್, ಲಿಥಿಯಂ

"ಬಳಸಲು ಸಿಗುವಂತೆ" ಎಂದೆನಲ್ಲ, ವ್ಯತ್ಯಾಸ ಇರುವುದು ಅಲ್ಲೇ. ಟ್ಯೂಬುಲರ್, ಸೀಲ್ಡ್ ಎರಡೂ ಸೀಸದ ಬ್ಯಾಟರಿಗಳೇ. ಸೀಸದ ಬ್ಯಾಟರಿ ಬಹುಕಾಲ ಬಾಳಬೇಕಾದರೆ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದು. 360 ಬೇಕೆಂದರೆ 720 ವ್ಯಾಟ್-ಅವರ್‌ನದು ಕೊಳ್ಳಬೇಕು, 12 ವೋಲ್ಟಿನಲ್ಲಿ 60 ಆಂಪಿಯರ್-ಅವರ್. ಲಿಥಿಯಂ ಐರನ್ ಫಾಸ್ಫೇಟ್, ಅಂಗಡಿಯಲ್ಲಿ ಎಲ್‌ಎಫ್‌ಪಿ ಎನ್ನುತ್ತಾರಲ್ಲ, ಅದನ್ನು ನೂರಕ್ಕೆ ಎಂಬತ್ತರಷ್ಟು ಖಾಲಿ ಮಾಡಿದರೂ ತೊಂದರೆ ಇಲ್ಲ. ಅದರಲ್ಲಿ 35 ಆಂಪಿಯರ್-ಅವರ್ ಸಾಕು, 40ರ ಆಸುಪಾಸಿನದು ಕೊಂಡರೆ ನೆಮ್ಮದಿ. ಬೆಲೆ ಹೋಲಿಸುವಾಗ ಒಂದೇ ಆಂಪಿಯರ್-ಅವರ್‌ನ ಎರಡನ್ನು ಪಕ್ಕಪಕ್ಕ ಇಟ್ಟು "ಲಿಥಿಯಂ ದುಬಾರಿ" ಎನ್ನುವುದು ತಪ್ಪು ಲೆಕ್ಕ. 60ರ ಟ್ಯೂಬುಲರ್‌ಗೆ 40ರ ಲಿಥಿಯಂ ಹೋಲಿಸಿ, ಆಮೇಲೆ ಯಾವುದು ಎಷ್ಟು ವರ್ಷ ಬರುತ್ತದೆಂದು ನೋಡಿ.

ತೂಕವನ್ನು ಯಾರೂ ಕೇಳುವುದಿಲ್ಲ. ಹೊಳೆದಂಡೆಯಲ್ಲಿ ಅದೇ ನಿರ್ಣಾಯಕ. 60ರ ಟ್ಯೂಬುಲರ್ ಇಪ್ಪತ್ತು ಕಿಲೋ ದಾಟುತ್ತದೆ, ಆ್ಯಸಿಡ್ ತುಂಬಿರುತ್ತದೆ, ನೆಟ್ಟಗೆ ಕೂರಿಸಬೇಕು, ಆಗಾಗ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಅದನ್ನು ಕಂಬದ ಮೇಲೆ ಇಡಲಾಗುವುದಿಲ್ಲ, ಬುಡದಲ್ಲಿ ಇಟ್ಟಿಗೆ ಗೂಡು ಕಟ್ಟಿಯೋ ಕಬ್ಬಿಣದ ಪೆಟ್ಟಿಗೆಯಲ್ಲೋ ಇಡುತ್ತಾರೆ. ಬುಡ ಎಂದರೆ ನೀರು ಮೊದಲು ಬರುವ ಜಾಗ. 2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ತಗ್ಗು ಪ್ರದೇಶಗಳಿಗೆ ನುಗ್ಗಿದ್ದನ್ನು ನೆನಪಿಸಿಕೊಳ್ಳಿ. ಅಲ್ಲಿಯ ಹದಿನಾರು ಕಾಲು ಮಂಟಪ ಮುಳುಗಿತೆಂದರೆ ಹೊಳೆ ಎಲ್ಲಿಗೆ ಬಂದಿದೆಯೆಂದು ಊರಿಗೆಲ್ಲ ಗೊತ್ತಾಗುತ್ತದೆ. ನಿಮ್ಮ ಕಟ್ಟೆಯಲ್ಲೂ ಅಂಥದ್ದೊಂದು ಗುರುತು ಇರುತ್ತದೆ, ಒಂದು ಕಲ್ಲೋ, ಅರಳಿಕಟ್ಟೆಯೋ. ಊರ ಹಿರಿಯರನ್ನು ಕೇಳಿ, ಆ ಗುರುತಿಗಿಂತ ಒಂದಾಳೆತ್ತರ ಮೇಲೆ ಬ್ಯಾಟರಿ ಇಡಿ. 40ರ ಎಲ್‌ಎಫ್‌ಪಿ ಐದಾರು ಕಿಲೋ ಅಷ್ಟೇ. ಜಿಐ ಪೈಪಿನ ಕಂಬಕ್ಕೆ ಕ್ಲಾಂಪ್ ಹಾಕಿ, ಪ್ಯಾನೆಲ್‌ನ ನೆರಳಿನಡಿ ಪೆಟ್ಟಿಗೆಯಲ್ಲಿ ಕೂರಿಸಬಹುದು. ನೀರಿಗೂ ಸಿಗುವುದಿಲ್ಲ, ಕಳ್ಳರ ಕೈಗೂ ಸುಲಭಕ್ಕೆ ಸಿಗುವುದಿಲ್ಲ.

ಎರಡನೆಯ ಕಾರಣ ಮೋಡ. ಸೀಸದ ಬ್ಯಾಟರಿ ವಾರಗಟ್ಟಲೆ ಅರೆಬರೆ ಚಾರ್ಜ್‌ನಲ್ಲಿ ಉಳಿದರೆ ಒಳಗಿನ ಪ್ಲೇಟುಗಳ ಮೇಲೆ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಬಿಸಿಲು ಬಿದ್ದರೂ ಹಳೆಯ ಸಾಮರ್ಥ್ಯ ತಿರುಗಿ ಬರುವುದಿಲ್ಲ. ಆಷಾಢ-ಶ್ರಾವಣದಲ್ಲಿ ನಮ್ಮ ಕಡೆ ಆಗುವುದು ಇದೇ: ದಿನಾ ಸ್ವಲ್ಪ ತುಂಬುತ್ತದೆ, ದಿನಾ ಸ್ವಲ್ಪ ಖಾಲಿಯಾಗುತ್ತದೆ, ಪೂರ್ತಿ ಎಂದೂ ತುಂಬುವುದಿಲ್ಲ. ಎಲ್‌ಎಫ್‌ಪಿಗೆ ಅರ್ಧ ತುಂಬಿದ ಸ್ಥಿತಿಯಲ್ಲಿ ತಿಂಗಳು ಕಳೆದರೂ ಏನೂ ಆಗುವುದಿಲ್ಲ.

ಮೂರನೆಯದು ಕಾವು. ಸುತ್ತಲಿನ ಉಷ್ಣತೆ 25 ಡಿಗ್ರಿ ದಾಟಿದ ಮೇಲೆ ಪ್ರತಿ ಎಂಟು-ಹತ್ತು ಡಿಗ್ರಿಗೆ ಸೀಸದ ಬ್ಯಾಟರಿಯ ಆಯಸ್ಸು ಹೆಚ್ಚುಕಮ್ಮಿ ಅರ್ಧಕ್ಕಿಳಿಯುತ್ತದೆ. ಏಪ್ರಿಲ್‌ ಬಿಸಿಲಿನಲ್ಲಿ ಕಬ್ಬಿಣದ ಪೆಟ್ಟಿಗೆಯೊಳಗೆ ಎಷ್ಟು ಕಾವಿರುತ್ತದೆಂದು ಮುಚ್ಚಳ ಮುಟ್ಟಿ ನೋಡಿದರೇ ತಿಳಿಯುತ್ತದೆ. ಲಿಥಿಯಂಗೂ ಕಾವು ಒಳ್ಳೆಯದಲ್ಲ, ಆದರೆ ಅದು ಇಷ್ಟು ಬೇಗ ಸೋಲುವುದಿಲ್ಲ.

ಹಾಗಾದರೆ ಟ್ಯೂಬುಲರ್ ಬೇಡವೇ ಬೇಡವೇ? ಕಟ್ಟೆಯ ಮೇಲ್ಗಡೆ ಪ್ರವಾಹ ಎಂದೂ ಮುಟ್ಟದ ಮಂಟಪವೋ ಸಂಘದ ಕೋಣೆಯೋ ಇದ್ದು, ನೀರು ಹಾಕಿ ನೋಡಿಕೊಳ್ಳುವ ಒಬ್ಬರು ದಿನಾ ಅಲ್ಲಿ ಇರುವುದಾದರೆ ಧಾರಾಳವಾಗಿ ಹಾಕಿಸಿ. ಅದರ ದೊಡ್ಡ ಗುಣ ಅಂದರೆ ತಾಲ್ಲೂಕು ಕೇಂದ್ರದ ಯಾವ ಬ್ಯಾಟರಿ ಅಂಗಡಿಯಲ್ಲೂ ರಿಪೇರಿ ಗೊತ್ತು, ಕೆಟ್ಟ ಮೇಲೆ ಸೀಸದ ತೂಕಕ್ಕೆ ಒಂದಷ್ಟು ದುಡ್ಡೂ ಬರುತ್ತದೆ. ಸೀಲ್ಡ್ ಬ್ಯಾಟರಿಗೆ ಆ ರಿಪೇರಿಯ ಅನುಕೂಲವೂ ಇಲ್ಲ. ನೀರು ಹಾಕುವ ಕೆಲಸ ಇಲ್ಲವೆಂಬುದು ನಿಜ, ಆದರೆ ಕಾವಿಗೆ ಒಳಗಿನ ತೇವ ಆರಿದರೆ ಮತ್ತೆ ತುಂಬುವ ದಾರಿಯೇ ಇಲ್ಲ. ಹೊರಗಿನ ಕಂಬಕ್ಕೆ ಅದನ್ನು ನಾನು ಯಾರಿಗೂ ಹೇಳುವುದಿಲ್ಲ. ಟ್ರ್ಯಾಕ್ಟರಿನದೋ ಕಾರಿನದೋ ಹಳೇ ಬ್ಯಾಟರಿ ತಂದು ಜೋಡಿಸುವುದಂತೂ ಬೇಡ. ಅದು ಇಂಜಿನ್ ಸ್ಟಾರ್ಟ್ ಮಾಡಲು ಒಮ್ಮೆಲೇ ಜೋರಾಗಿ ಕರೆಂಟು ಕೊಡುವಂತೆ ತೆಳು ಪ್ಲೇಟುಗಳಿಂದ ಮಾಡಿದ್ದು. ರಾತ್ರಿಯಿಡೀ ನಿಧಾನಕ್ಕೆ ಖಾಲಿ ಮಾಡಿದರೆ ಕೆಲವೇ ತಿಂಗಳಲ್ಲಿ ಕೆಡುತ್ತದೆ.

ಲಿಥಿಯಂ ಕೊಳ್ಳುವಾಗ ಲೇಬಲ್ ಓದಿ. 12.8 ವೋಲ್ಟ್ ಎಂದಿದ್ದರೆ 3.2 ವೋಲ್ಟಿನ ನಾಲ್ಕು ಸೆಲ್, ಅದು ಎಲ್‌ಎಫ್‌ಪಿ. 11.1 ಅಥವಾ 14.8 ಎಂದಿದ್ದರೆ ಬೇರೆ ಜಾತಿಯ ಲಿಥಿಯಂ. ಹಳೇ ಎಲೆಕ್ಟ್ರಿಕ್ ಸ್ಕೂಟರಿನ ಸೆಲ್ ಬಿಚ್ಚಿ ಕಟ್ಟಿದ ಪ್ಯಾಕುಗಳೂ ಹೀಗೇ ಬರುತ್ತವೆ. ಬಿಸಿಲಿನಲ್ಲಿ ಕೂರುವ ಪೆಟ್ಟಿಗೆಗೆ ಅವನ್ನು ಹಾಕಬೇಡಿ, ಬೆಂಕಿಯ ಅಪಾಯ ಎಲ್‌ಎಫ್‌ಪಿಗಿಂತ ಜಾಸ್ತಿ.

ರೆಡಿಮೇಡ್ ದೀಪ, ಬಿಡಿ ಸಾಮಾನು

ಪ್ಯಾನೆಲ್, ಬ್ಯಾಟರಿ, ಎಲ್‌ಇಡಿ ಎಲ್ಲ ಒಂದೇ ಚಪ್ಪಟೆ ಪೆಟ್ಟಿಗೆಯಲ್ಲಿರುವ ರೆಡಿಮೇಡ್ ದೀಪ ಈಗ ಎಲ್ಲ ಕಡೆ ಸಿಗುತ್ತದೆ. ಎರಡು ಬೋಲ್ಟ್ ಬಿಗಿದರೆ ಮುಗಿಯಿತು. ವೈರಿಂಗ್ ಇಲ್ಲ, ಹಸಿರು ಕಿಲುಬು ಕಟ್ಟುವ ಜಾಯಿಂಟ್ ಇಲ್ಲ. ಅದರ ಮೇಲೆ 200 ವ್ಯಾಟ್, 300 ವ್ಯಾಟ್ ಎಂದು ಬರೆದಿರುತ್ತದೆ. ನಂಬುವ ಮೊದಲು ಟೇಪು ಹಿಡಿದು ಪ್ಯಾನೆಲ್ ಅಳೆಯಿರಿ. ಒಂದಡಿ ಉದ್ದ ಒಂದಡಿ ಅಗಲದ ಒಳ್ಳೆಯ ಪ್ಯಾನೆಲ್‌ನಿಂದ, ನಡುಮಧ್ಯಾಹ್ನದ ನೆತ್ತಿ ಬಿಸಿಲಿನಲ್ಲೂ, 18-20 ವ್ಯಾಟ್‌ಗಿಂತ ಹೆಚ್ಚು ಬರಲು ಸಾಧ್ಯವಿಲ್ಲ. ಅಷ್ಟು ಜಾಗದ ಮೇಲೆ 200 ವ್ಯಾಟ್‌ನಷ್ಟು ಬಿಸಿಲೇ ಬೀಳುವುದಿಲ್ಲ.

ಆಮೇಲೆ ಹಿಂಬದಿಯ ನಾಲ್ಕು ಸ್ಕ್ರೂ ಬಿಚ್ಚಿಸಿ ಒಳಗೆ ನೋಡಿ, ಮಾರುವವರು ಒಪ್ಪಿದರೆ. ಟಾರ್ಚ್ ಸೆಲ್ಲಿಗಿಂತ ಉದ್ದನೆಯ, ನೀಲಿ ಪ್ಲಾಸ್ಟಿಕ್ ಸುತ್ತಿದ ಸೆಲ್‌ಗಳು ಸಾಲಾಗಿರುತ್ತವೆ. ಸಾಮಾನ್ಯವಾಗಿ ಕಾಣುವುದು 32650 ಎಂಬ ಅಳತೆಯ ಸೆಲ್: 3.2 ವೋಲ್ಟ್, 6 ಆಂಪಿಯರ್-ಅವರ್, ಅಂದರೆ ಒಂದರಲ್ಲಿ 19 ವ್ಯಾಟ್-ಅವರ್. ನಾಲ್ಕಿದ್ದರೆ 77. ನಮಗೆ ಒಂದೇ ರಾತ್ರಿಗೆ ಬೇಕಾದದ್ದು 120, ಮೂರು ರಾತ್ರಿಗೆ 360. ಈ ದೀಪಗಳು ಸಂಜೆ ಜಗಮಗ ಉರಿದು ರಾತ್ರಿ ಹತ್ತರ ಮೇಲೆ ಮಂಕಾಗುವುದು, ಮೀನುಗಾರರು ಬರುವ ನಾಲ್ಕು ಗಂಟೆಗೆ ಆರಿಯೇ ಹೋಗುವುದು ಇದಕ್ಕೇ.

ಇದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ರೆಡಿಮೇಡ್ ದೀಪದಲ್ಲಿ ಬೆಳಕು ಬೇಕಾದ ಜಾಗವೂ ಬಿಸಿಲು ಬೀಳುವ ಜಾಗವೂ ಒಂದೇ ಆಗಿರಬೇಕು. ನಮ್ಮ ಹಳೆಯ ಸೋಪಾನಕಟ್ಟೆಗಳ ನೆತ್ತಿಯ ಮೇಲೆ ಅರಳಿಯೋ ಹೊಂಗೆಯೋ ಹಬ್ಬಿರುತ್ತದೆ, ಪಕ್ಕದಲ್ಲಿ ತೆಂಗಿನ ತೋಟ ಇರುತ್ತದೆ. ಆ ಮರ ಕಡಿಯುವ ಮಾತೇ ಬೇಡ. ಬಿಡಿ ಸಾಮಾನು ತಂದರೆ ದೀಪವನ್ನು ಮರದಡಿಯ ಮೆಟ್ಟಿಲಿಗೆ ಹಾಕಿ, ಪ್ಯಾನೆಲ್ಲನ್ನು ಹದಿನೈದು ಮೀಟರ್ ಆಚೆ ಬಯಲಿನಲ್ಲಿ ನಿಲ್ಲಿಸಬಹುದು. ಕಲ್ಲಿನ ಮೆಟ್ಟಿಲಿನ, ಮರದ ನೆರಳಿನ, ಸ್ಥಿರವಾದ ಕಟ್ಟೆಗೆ ನಾನು ಬಿಡಿ ಸಾಮಾನಿನ ಪಕ್ಷ. ನಡುವಿನದೊಂದು ಬಗೆಯೂ ಇದೆ: ದೀಪದೊಳಗೇ ಲಿಥಿಯಂ ಬ್ಯಾಟರಿ, ಪ್ಯಾನೆಲ್ ಮಾತ್ರ ಬೇರೆ. ವೈರಿಂಗ್ ಮಾಡಿಕೊಡುವವರು ಹತ್ತಿರದಲ್ಲಿಲ್ಲದಿದ್ದರೆ ಅದು ಒಳ್ಳೆಯ ಆಯ್ಕೆ, ಬ್ಯಾಟರಿಯ ವ್ಯಾಟ್-ಅವರ್ ಎಷ್ಟೆಂದು ಕೇಳಿ ಬರೆಸಿಕೊಂಡರೆ ಸಾಕು.

ಪ್ಯಾನೆಲ್, ಕಂಟ್ರೋಲರ್, ವೈರು

ಪ್ಯಾನೆಲ್‌ಗಳಲ್ಲಿ ಮೋನೋ, ಪಾಲಿ ಎಂದು ಎರಡು ಬಗೆ. ಯಾವುದು ಮೇಲು ಎಂಬ ಚರ್ಚೆಗೆ ಈ ಅಳತೆಯಲ್ಲಿ ಅರ್ಥವಿಲ್ಲ, ಸಿಕ್ಕಿದ್ದು ತನ್ನಿ. ಮೈಸೂರು ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ದಕ್ಷಿಣಕ್ಕೆ ಮುಖ ಮಾಡಿ 12ರಿಂದ 15 ಡಿಗ್ರಿ ಓರೆ ಇಟ್ಟರೆ ಬಿಸಿಲೂ ಸರಿ, ನೀರೂ ಹರಿದುಹೋಗುತ್ತದೆ. ನೆರಳಿನ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ. ಪ್ಯಾನೆಲ್‌ನಲ್ಲಿ 36 ಸೆಲ್‌ಗಳು ಒಂದರ ಹಿಂದೆ ಒಂದು ಜೋಡಣೆಯಾಗಿರುತ್ತವೆ. ಬಾವಿಯಿಂದ ಸಾಲಾಗಿ ನಿಂತು ಬಿಂದಿಗೆ ಕೈ ಬದಲಾಯಿಸುವವರಲ್ಲಿ ಒಬ್ಬರು ಸುಮ್ಮನೆ ನಿಂತರೆ ಹೇಗೋ, ಒಂದು ತೆಂಗಿನ ಗರಿಯ ನೆರಳು, ಒಂದು ನೀರುಕಾಗೆಯ ಹಿಕ್ಕೆ ಅರ್ಧ ಪ್ಯಾನೆಲ್ಲನ್ನೇ ನಿಲ್ಲಿಸಿಬಿಡುತ್ತದೆ. ಹೊಳೆದಂಡೆಯಲ್ಲಿ ಹಕ್ಕಿಗಳು ಕೂರಲು ಎತ್ತರದ ಜಾಗ ಹುಡುಕುತ್ತಲೇ ಇರುತ್ತವೆ. ಪ್ಯಾನೆಲ್‌ನ ಮೇಲಂಚಿಗಿಂತ ಒಂದಡಿ ಎತ್ತರಕ್ಕೆ ಕಂಬದ ತುದಿ ಬಿಟ್ಟು ಅಡ್ಡಕಡ್ಡಿ ಹಾಕಿ, ಆದರೆ ಉತ್ತರದ ಕಡೆಗೆ. ಅಲ್ಲಿ ಕೂತರೆ ನೆರಳೂ ಹಿಕ್ಕೆಯೂ ಬಹುಪಾಲು ಹೊರಗೆ ಬೀಳುತ್ತವೆ.

ಪ್ಯಾನೆಲ್‌ನಿಂದ ಬ್ಯಾಟರಿ ತುಂಬುವುದನ್ನೂ ದೀಪ ಹೊತ್ತಿ ಆರುವುದನ್ನೂ ನೋಡಿಕೊಳ್ಳುವ ಸಾಧನ ಕಂಟ್ರೋಲರ್. ಅದರಲ್ಲಿ ಸಾದಾ ಬಗೆಯ ಪಿಡಬ್ಲ್ಯೂಎಂ, ಹೆಚ್ಚಿನ ವೋಲ್ಟೇಜನ್ನೂ ಬಳಸಿಕೊಳ್ಳುವ ಎಂಪಿಪಿಟಿ ಎಂದು ಎರಡು. 12 ವೋಲ್ಟಿನ 75 ವ್ಯಾಟ್ ಪ್ಯಾನೆಲ್‌ಗೆ ಪಿಡಬ್ಲ್ಯೂಎಂ ಸಾಕು. ಮನೆಯ ಮೇಲೆ ಹಾಕುವ 60-72 ಸೆಲ್‌ಗಳ ದೊಡ್ಡ ಪ್ಯಾನೆಲ್ ದಾನವಾಗಿ ಬಂದಿದ್ದರೆ ಮಾತ್ರ ಎಂಪಿಪಿಟಿ ಬೇಕೇಬೇಕು. ಅದರ ಹೆಚ್ಚಿನ ವೋಲ್ಟೇಜನ್ನು ಪಿಡಬ್ಲ್ಯೂಎಂ ವ್ಯರ್ಥ ಮಾಡುತ್ತದೆ. ಯಾವುದೇ ಆಗಲಿ ಲಿಥಿಯಂ ಸೆಟ್ಟಿಂಗ್ ಇರುವುದನ್ನು ಕೇಳಿ ತನ್ನಿ. ದೀಪವನ್ನು ಕಡಿತ ಮಾಡುವ ವೋಲ್ಟೇಜ್ ಅಗ್ಗದ ಕಂಟ್ರೋಲರ್‌ಗಳಲ್ಲಿ 11ರ ಹತ್ತಿರ ಇರುತ್ತದೆ. ಅದನ್ನು 12ಕ್ಕೆ ಏರಿಸಿ. ಇಲ್ಲದಿದ್ದರೆ ಲಿಥಿಯಂ ಪ್ಯಾಕಿನೊಳಗಿನ ರಕ್ಷಣಾ ಸರ್ಕಿಟ್ಟೇ ಬಾಗಿಲು ಹಾಕಿಕೊಳ್ಳುತ್ತದೆ, ಹೊರಗೆ ಸೊನ್ನೆ ವೋಲ್ಟ್ ತೋರಿಸುತ್ತದೆ, ಬ್ಯಾಟರಿ ಇದೆಯೆಂದೇ ಕೆಲವು ಕಂಟ್ರೋಲರ್‌ಗೆ ತಿಳಿಯುವುದಿಲ್ಲ. ಮಾರನೇ ದಿನ ಬಿಸಿಲು ಬಂದರೂ ಚಾರ್ಜ್ ಆಗದೆ ಉಳಿಯುವ ದೀಪಗಳ ರೋಗ ಎಷ್ಟೋ ಸಲ ಇದೇ. ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್. ಬ್ಯಾಟರಿಯ ಪ್ಲಸ್ ವೈರಿನಲ್ಲಿ, ಬ್ಯಾಟರಿಗೆ ಅಂಟಿದಂತೆ, ಒಂದು ಫ್ಯೂಸ್ ಇರಲೇಬೇಕು.

ಪ್ಯಾನೆಲ್ ಹದಿನೈದು ಮೀಟರ್ ದೂರವಿದ್ದರೆ 2.5 ಚದರ ಮಿಲಿಮೀಟರ್ ತಾಮ್ರದ ವೈರು ಹಾಕಿ, ಹೋಗಿಬರುವ ದಾರಿಯಲ್ಲಿ ಒಂದು ವೋಲ್ಟಿಗಿಂತ ಕಮ್ಮಿ ನಷ್ಟವಾಗುತ್ತದೆ. ದುಡ್ಡು ಉಳಿಸಲು 1 ಚದರ ಮಿಲಿಮೀಟರ್ ಹಾಕಿದರೆ ಎರಡು ವೋಲ್ಟಿನ ಮೇಲೆ ಹೋಗುತ್ತದೆ, ಕಾದ ಪ್ಯಾನೆಲ್‌ನಿಂದ ಬ್ಯಾಟರಿ ಪೂರ್ತಿ ತುಂಬುವುದೇ ಇಲ್ಲ. ದೀಪದ ಕಡೆಗೆ 1.5 ಸಾಕು. ಪೆಟ್ಟಿಗೆಗೆ ವೈರು ಹೋಗುವ ತೂತಿಗೆ ಗ್ಲ್ಯಾಂಡ್ (ವೈರಿನ ಸುತ್ತ ಬಿಗಿಯಾಗಿ ಕೂರುವ ಬಿರಡೆ) ಹಾಕಿಸಿ, ತೂತು ಕೆಳಮುಖವಾಗಿರಲಿ. ಇರುವೆ, ಹಲ್ಲಿ ಒಳಗೆ ಮನೆ ಮಾಡುವುದು ಅದೇ ತೂತಿನಿಂದ.

ಬೆಳಕಿನ ಬಣ್ಣ

ಅಂಗಡಿಯಲ್ಲಿ ಕೊಡುವುದು ಹಾಲು ಬಿಳುಪಿನ 6500 ಕೆಲ್ವಿನ್. ಕೇಳಿ 3000 ಕೆಲ್ವಿನ್‌ನ ಹಳದಿ ಬೆಳಕು ತನ್ನಿ. ನೀಲಿ ಹೆಚ್ಚಿರುವ ಬೆಳಕಿಗೆ ಹುಳು ಹೆಚ್ಚು ಮುತ್ತುತ್ತವೆ, ನೀರಿನ ಹತ್ತಿರವಂತೂ ಕೇಳುವುದೇ ಬೇಡ. ದೀಪದ ಮುಖ ನೇರ ಕೆಳಕ್ಕಿರಲಿ, ಹೊಳೆಯ ಕಡೆಗೆ ಮರೆ ಹಾಕಿ. ಓರೆಯಾಗಿ ನೀರಿನ ಮೇಲೆ ಬಿದ್ದರೆ ದೋಣಿಯಲ್ಲಿ ಬರುವವರ ಕಣ್ಣು ಕೋರೈಸಿ ಕಟ್ಟೆಯೇ ಕಾಣುವುದಿಲ್ಲ. ರಂಗನತಿಟ್ಟಿನ ಆಸುಪಾಸಿನವರು ಇದನ್ನು ಇನ್ನಷ್ಟು ಗಮನಿಸಬೇಕು. 1940ರಿಂದ ಪಕ್ಷಿಧಾಮವಾಗಿ, 2022ರಿಂದ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಯಲ್ಲೂ ಇರುವ ಆ ನಡುಗಡ್ಡೆಗಳಲ್ಲಿ ರಾತ್ರಿ ಹಕ್ಕಿಗಳು ಕೂತಿರುತ್ತವೆ, ನಮ್ಮ ದೀಪ ಅವುಗಳ ಮೇಲೆ ಬೀಳಬಾರದು.

ಹಿನ್ನೀರಿನ ಲೆಕ್ಕವೇ ಬೇರೆ

ಮೀನಾಕ್ಷಿಪುರದಂಥ ಕೆಆರ್‌ಎಸ್ ಹಿನ್ನೀರಿನ ಊರುಗಳಲ್ಲಿ, ಕಬಿನಿ ಹಿನ್ನೀರಿನಲ್ಲಿ ಮೇಲೆ ಹೇಳಿದ ಸ್ಥಿರ ಕಂಬ ಹಾಕಿಸಬೇಡಿ. ಕೆಆರ್‌ಎಸ್ 124.80 ಅಡಿ ತುಂಬಿದಾಗ ನೀರು ಮುಟ್ಟುವ ಜಾಗ ಒಂದು. ಬೇಸಿಗೆಯಲ್ಲಿ ಹತ್ತಾರು ಅಡಿ ಇಳಿದಾಗ, ನೆಲ ಚಪ್ಪಟೆ ಇರುವ ಕಡೆ ನೀರು ನೂರಾರು ಮೀಟರ್ ಹಿಂದೆ ಸರಿದಿರುತ್ತದೆ. ಕಂಬ ಬಯಲಿನಲ್ಲಿ ಒಂಟಿಯಾಗಿ ಉರಿಯುತ್ತದೆ, ದೋಣಿ ಕತ್ತಲಲ್ಲಿರುತ್ತದೆ. ಇಲ್ಲಿ ರೆಡಿಮೇಡ್ ದೀಪವೇ ಗೆಲ್ಲುತ್ತದೆ, ಏಕೆಂದರೆ ಬಯಲಿನಲ್ಲಿ ನೆರಳಿಲ್ಲ, ತೂಕವೂ ಕಮ್ಮಿ. ಹಳೇ ಟೈರಿನೊಳಗೆ ಕಾಂಕ್ರೀಟ್ ತುಂಬಿ, ನಡುವೆ ಪೈಪು ನಿಲ್ಲಿಸಿದರೆ ಇಬ್ಬರು ಉರುಳಿಸಿಕೊಂಡು ನೀರಿನ ಹಿಂದೆಯೇ ಹೋಗಬಹುದು. ಎಂಟು ಸೆಲ್‌ಗಿಂತ ಕಮ್ಮಿ ಇರುವುದನ್ನು ಕೊಳ್ಳಬೇಡಿ, ಕಮ್ಮಿ ಬೆಳಕಿನ ಸೆಟ್ಟಿಂಗ್‌ನಲ್ಲಿ ಓಡಿಸಿ. ಜಲಾಶಯದ ಅಂಚಿನ ನೆಲ ನಮ್ಮದಲ್ಲವಾದ್ದರಿಂದ ಏನನ್ನೇ ನೆಡುವ ಮೊದಲು ನೀರಾವರಿಯವರ ಅನುಮತಿ ಕೇಳಬೇಕು. ಸರಿಸುವ ದೀಪಕ್ಕೆ ನೆಲ ಅಗೆಯುವುದೇ ಬೇಕಿಲ್ಲ ಎಂಬುದೂ ಒಂದು ಅನುಕೂಲ.

ಕೊಂಡ ಮೇಲೆ ಪರೀಕ್ಷೆ

ಬಿಡಿ ಸಾಮಾನಿನ ದೀಪವನ್ನು ಮೇ ತಿಂಗಳಲ್ಲೇ ಪರೀಕ್ಷಿಸಿ. ಕಂಟ್ರೋಲರ್ ಕತ್ತಲಾದದ್ದನ್ನು ತಿಳಿಯುವುದು ಪ್ಯಾನೆಲ್‌ನ ವೋಲ್ಟೇಜ್ ಇಳಿದದ್ದರಿಂದ. ಹಾಗಾಗಿ ಬ್ಯಾಟರಿ ಪೂರ್ತಿ ತುಂಬಿದ ದಿನ ಸಂಜೆ ಆರಕ್ಕೆ ಪ್ಯಾನೆಲ್ ಮೇಲೆ ದಪ್ಪ ಟಾರ್ಪಾಲಿನ್ ಹೊದಿಸಿ ಬಿಗಿಯಾಗಿ ಕಟ್ಟಿಬಿಟ್ಟರೆ ದೀಪ ಹಗಲೂ ಉರಿಯುತ್ತಲೇ ಇರುತ್ತದೆ. ಮಂದ ಬೆಳಕಿನ ಸೆಟ್ಟಿಂಗ್ ತೆಗೆದಿಡಿ. ಮೂರನೇ ದಿನದ ಬೆಳಗ್ಗೆ ಆರಕ್ಕೆ 36 ಗಂಟೆ ಆಗುತ್ತದೆ, ಅಂದರೆ ಮೂರು ರಾತ್ರಿಯ ಖರ್ಚು. ಆಗಲೂ ದೀಪ ಉರಿಯುತ್ತಿರಬೇಕು. ಟ್ಯೂಬುಲರ್ ಆದರೆ ದೀಪ ಆರಿಸಿ ಒಂದು ಗಂಟೆ ಬಿಟ್ಟು ಮೀಟರ್ ಹಿಡಿಯಿರಿ, 12.1 ವೋಲ್ಟಿಗಿಂತ ಕೆಳಗೆ ಇಳಿದಿರಬಾರದು. ಎಲ್‌ಎಫ್‌ಪಿಯ ವೋಲ್ಟೇಜ್ ಕೊನೆಯವರೆಗೂ ಹೆಚ್ಚು ಇಳಿಯುವುದಿಲ್ಲ, ಅದನ್ನು ನೋಡಿ ಏನೂ ತಿಳಿಯದು. ಉರಿಯುತ್ತಿದೆಯೇ ಇಲ್ಲವೇ ಎಂಬುದೇ ಲೆಕ್ಕ. 36 ಗಂಟೆಗೆ ಮೊದಲೇ ಆರಿದರೆ ಬ್ಯಾಟರಿಯಲ್ಲಿ ಬರೆದಷ್ಟು ಸಾಮರ್ಥ್ಯ ಇಲ್ಲವೆಂದೇ ಅರ್ಥ. ವಾರಂಟಿ ಚೀಟಿ ಹಿಡಿದು ಅಂಗಡಿಗೆ ಹೋಗಲು ಜೂನ್‌ವರೆಗೆ ಸಮಯ ಇರುತ್ತದೆ. ಟಾರ್ಪಾಲಿನ್ ತೆಗೆದ ಮೇಲೆ ಮೇ ಬಿಸಿಲಿಗೆ ಮೂರ್ನಾಲ್ಕು ದಿನದಲ್ಲಿ ಬ್ಯಾಟರಿ ಮತ್ತೆ ತುಂಬಿಕೊಳ್ಳುತ್ತದೆ.